ಗಾಳದ ಆಯ್ಕೆ ಯಾರದು, ಪೆಟ್ಟು ಯಾರಿಗೆ?

ಘಟ್ಟದ ಮೇಲಿನ ನಮಗೆ ಹವಳದಿಬ್ಬದ ಮೀನಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ನಮ್ಮ ಮನೆಯ ಜಗಲಿಯಲ್ಲಿಯೇ ಇದೆ. ನನ್ನ ಅಕ್ಕನ ಮಗ ಅಡಿಕೆ ತೋಟದ ಕೆಲಸ ಬಿಟ್ಟು ಅಂಡಮಾನಿಗೆ ಹೋಗಿ ಕೆಲವು ವರ್ಷಗಳಾದವು. ಗಾಳ ಹಾಕುವ ಹವ್ಯಾಸಕ್ಕಾಗಿ ದೂರದೂರಿನಿಂದ ಬರುವ ಪ್ರವಾಸಿಗರನ್ನು ಹವಳದಿಬ್ಬಗಳ ಬಳಿಗೆ ಕರೆದೊಯ್ಯುವ ದೋಣಿಯೊಂದರಲ್ಲಿ ಆತ ಕೆಲಸಗಾರ. ಮಳೆಗಾಲದಲ್ಲಿ ಅಲ್ಲಿನ ಕಡಲು ಕೆರಳುವುದರಿಂದ ಆತನಿಗೆ ಕೆಲಸವಿರುವುದಿಲ್ಲ, ಊರಿಗೆ ಬರುತ್ತಾನೆ. ಕಳೆದ ಆಷಾಢದಲ್ಲಿ ಬಂದಾಗ ಅವನ ಬಲ ಅಂಗೈಯಲ್ಲಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಒಂದು ಗಾಯದ ಗುರುತಿತ್ತು.

ಅತಿಥಿಯೊಬ್ಬರು ಹಿಡಿದ ಮೀನನ್ನು ದೋಣಿಯ ಅಂಚಿಗೆ ತಂದು ಬಾಯಿಯಿಂದ ಕೊಕ್ಕೆ ಬಿಡಿಸುವಾಗ ಮೀನು ಒಮ್ಮೆ ಒದರಿತಂತೆ. ಮೂರು ಕವಲಿನ ಕೊಕ್ಕೆಯ ಒಂದು ಕವಲು ಮೀನಿನ ದವಡೆಯಲ್ಲಿ, ಇನ್ನೊಂದು ಇವನ ಅಂಗೈಯಲ್ಲಿ. ಇಪ್ಪತ್ತು ಕಿಲೋ ಮೀರಿದ ಮೀನು ಒದ್ದಾಡುತ್ತಿರುವಾಗ ಅದೇ ಕಬ್ಬಿಣಕ್ಕೆ ಮನುಷ್ಯನ ಕೈಯೂ ಸಿಕ್ಕಿಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆಸ್ಪತ್ರೆ ದೋಣಿಯ ದಾರಿಯಲ್ಲಿ ಗಂಟೆಗಳಷ್ಟು ದೂರವಿತ್ತು. ಆ ಕೊಕ್ಕೆಯನ್ನು ಆರಿಸಿದವರು ಅತಿಥಿ. ಅದರ ಪೆಟ್ಟು ತಿಂದವರು ಮೀನು ಮತ್ತು ನಮ್ಮ ಹುಡುಗ. ಈ ಲೇಖನಕ್ಕೆ ಇದೇ ಪ್ರೇರಣೆ.

ಈ ಮೀನಿನ ಹೆಸರು ಜಯಂಟ್ ಟ್ರೆವಲಿ. ಗಾಳಗಾರರು ಚುಟುಕಾಗಿ ಜಿ.ಟಿ. ಎನ್ನುತ್ತಾರೆ. ನಮ್ಮ ಕರಾವಳಿಯ ಮೀನುಮಾರುಕಟ್ಟೆಗಳಲ್ಲಿ ಕೊಕ್ಕರ್ ಎಂದು ಕರೆಯುವ ಮೀನುಗಳ ಬಳಗಕ್ಕೆ ಸೇರಿದ್ದು, ಆ ಬಳಗದಲ್ಲಿ ಅತ್ಯಂತ ದೊಡ್ಡದು. ಕೆಂಪು ಸಮುದ್ರದಲ್ಲಿ ದೊರೆತ ಮೀನನ್ನು ನೋಡಿ ವಿಜ್ಞಾನಿ ಪೀಟರ್ ಫೋರ್ಸ್‌ಕಾಲ್ ಬರೆದಿಟ್ಟ ವಿವರಣೆ ಆತ ತೀರಿಕೊಂಡ ಮೇಲೆ 1775ರಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದಿಂದ ಹವಾಯಿಯವರೆಗೆ ಹಿಂದೂ ಮಹಾಸಾಗರ ಮತ್ತು ಶಾಂತ ಸಾಗರಗಳ ಬಿಸಿನೀರಿನಲ್ಲೆಲ್ಲ ಇದರ ವಾಸ. ಮರಿಗಳು ನದೀಮುಖದ ಸಪ್ಪೆ ಬೆರೆತ ನೀರಿನಲ್ಲಿ ಬೆಳೆದು ಅನಂತರ ಹವಳದಿಬ್ಬಗಳಿಗೆ ಹೋಗುತ್ತವೆ. ಗಾಳಕ್ಕೆ ಸಿಕ್ಕ ಅತಿದೊಡ್ಡ ಜಿ.ಟಿ. ಎಂದು ದಾಖಲಾಗಿರುವುದು 2006ರಲ್ಲಿ ಜಪಾನಿನ ದಕ್ಷಿಣ ದ್ವೀಪಗಳ ಬಳಿ ಹಿಡಿದ 72.8 ಕಿಲೋ ತೂಕದ ಮೀನು. ಸೆಶೆಲ್ಸ್ ದೇಶದ ದ್ವೀಪವೊಂದರ ಬಳಿ ಈ ಮೀನುಗಳು ನೀರಿನಿಂದ ಮೇಲಕ್ಕೆ ಜಿಗಿದು ಹಾರುವ ಕಡಲಹಕ್ಕಿಯ ಮರಿಗಳನ್ನು ಹಿಡಿಯುವುದನ್ನು 2017ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರ ಜಗತ್ತಿಗೆ ತೋರಿಸಿತು. ಇಂಥ ಬಲಶಾಲಿಯನ್ನು ಕೇವಲ ಮೊಣಕಾಲೋ ಎದೆಯೋ ಮುಳುಗುವಷ್ಟು ನೀರಿರುವ ಹವಳದ ಹಾಸಿನ ಮೇಲೆ ಗಾಳಕ್ಕೆ ಕೆಡವುವುದು ಹವ್ಯಾಸಿಗಳ ಪಾಲಿಗೆ ದೊಡ್ಡ ಕನಸು. ಅದಕ್ಕಾಗಿ ಅವರು ಸಾವಿರಾರು ಮೈಲಿ ಪ್ರಯಾಣ ಮಾಡುತ್ತಾರೆ, ಲಕ್ಷಗಟ್ಟಲೆ ವ್ಯಯಿಸುತ್ತಾರೆ.

ಹುಡುಗ ತನ್ನ ಚೀಲದಿಂದ ಒಂದಿಷ್ಟು ದಾರವನ್ನು ತೆಗೆದು ಜಗಲಿಯ ಮೇಲಿಟ್ಟಾಗ ನಾನು ಗದರಿದೆ. ಹೊಳೆಯಲ್ಲಿ ನಾವು ಬಳಸುವ ನೈಲಾನ್ ದಾರದ ಮುಂದೆ ಅದು ಹಗ್ಗದಂತಿತ್ತು. "ಒಂದು ಮೀನನ್ನು ಹಿಡಿದು ಮತ್ತೆ ಬಿಡುವುದಕ್ಕೆ ಇಷ್ಟು ದಪ್ಪ ದಾರವೇ? ಇದು ಆಟವೋ ಯುದ್ಧವೋ?" ಎಂದೆ. ಆತ ನಕ್ಕು ಹೇಳಿದ: "ಮಾವ, ತೆಳು ದಾರದಿಂದಲೇ ಮೀನು ಸಾಯುವುದು." ಆ ಮಾತು ನನಗೆ ತಕ್ಷಣ ಹಿಡಿಸಲಿಲ್ಲ. ಎರಡು ಮೂರು ಸಂಜೆ ವಾದಿಸಿದ ಮೇಲೆ ಒಪ್ಪಿಕೊಂಡೆ. ಒಪ್ಪಿದ್ದೇಕೆಂಬುದನ್ನು ಓದುಗರ ಮುಂದಿಡುತ್ತೇನೆ.

ತೆಳು ದಾರದ ಹೆಗ್ಗಳಿಕೆ

ಹವ್ಯಾಸಿ ಗಾಳಗಾರರಲ್ಲಿ ಹಳೆಯದೊಂದು ನಂಬಿಕೆಯಿದೆ. ಸಲಕರಣೆ ಹಗುರವಾದಷ್ಟೂ ಆಟ ನ್ಯಾಯಯುತ, ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶವಿರಬೇಕು ಎಂಬುದು ಅದರ ತಿರುಳು. ಇಂಗ್ಲೆಂಡಿನ ಹೊಳೆಗಳಲ್ಲಿ ಹುಟ್ಟಿದ ಈ ಹವ್ಯಾಸ ಸಾಹೇಬರ ಜೊತೆ ನಮ್ಮ ನದಿಗಳಿಗೂ ಬಂತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿಯೇ. ತಡೆಯಿಲ್ಲದ ನದಿಯ ಮಡುವಿನಲ್ಲಿ, ತಂಪು ನೀರಿನಲ್ಲಿ, ಸಣ್ಣ ಮೀನಿನೊಡನೆ ಆ ನಂಬಿಕೆಗೆ ಸ್ವಲ್ಪ ಅರ್ಥವಿರಬಹುದು. ಆಳವಿಲ್ಲದ ಹವಳದಿಬ್ಬದ ಮೇಲೆ ಅದು ತಲೆಕೆಳಗಾಗುತ್ತದೆ.

ಕೊಕ್ಕೆ ಚುಚ್ಚಿದೊಡನೆ ಜಿ.ಟಿ. ಓಡುವುದು ಬಯಲಿಗಲ್ಲ. ದಿಬ್ಬದ ಅಂಚಿಗೆ, ಹವಳದ ಗುಡ್ಡೆಗಳ ಸಂದಿಗೆ. ಹವಳವೆಂದರೆ ಸುಣ್ಣದ ಗರಗಸ. ಬಿಗಿದ ದಾರ ಅದಕ್ಕೆ ಒಮ್ಮೆ ತಾಗಿದರೆ ಸಾಕು, ಕಡಿದುಹೋಗುತ್ತದೆ. ಆದ್ದರಿಂದ ಮೀನನ್ನು ಮೊದಲ ಕೆಲವು ಕ್ಷಣಗಳಲ್ಲಿಯೇ ತಡೆದು ತಿರುಗಿಸಬೇಕು. ತೆಳು ದಾರ ಹಿಡಿದವನಿಗೆ ಅದು ಆಗದು. ಆಗ ಎರಡರಲ್ಲೊಂದು ಸಂಭವಿಸುತ್ತದೆ. ದಾರ ಹರಿದು, ಬಾಯಲ್ಲಿ ಕೊಕ್ಕೆಯನ್ನೂ ಹಿಂದೆ ಹತ್ತಾರು ಮೀಟರು ದಾರವನ್ನೂ ಎಳೆದುಕೊಂಡು ಮೀನು ಹೋಗುತ್ತದೆ. ಆ ದಾರ ಹವಳದ ಕವಲುಗಳಿಗೆ ಸುತ್ತಿಕೊಂಡರೆ ಗೂಟಕ್ಕೆ ಕಟ್ಟಿದ ಕರುವಿನಂತೆ ನಿಂತಲ್ಲಿಯೇ ಸಾಯುತ್ತದೆ. ಇಲ್ಲವೇ ದಾರ ಹರಿಯದೆ ಉಳಿದು, ಗಾಳಗಾರ ಅರ್ಧ ಗಂಟೆ, ಮುಕ್ಕಾಲು ಗಂಟೆ ಮೀನನ್ನು ದಣಿಸುತ್ತಾನೆ. ದಡದ ಮೇಲೆ ಚಪ್ಪಾಳೆ ಬೀಳುವುದು ಈ ಕಾದಾಟಕ್ಕೆ. ಆದರೆ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ. ಅಷ್ಟು ಹೊತ್ತು ಸೆಣಸಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಅದು ಬಸವಳಿದಿರುತ್ತದೆ. ಬಿಟ್ಟ ಮೇಲೆ ಈಜಿಹೋದಂತೆ ಕಂಡರೂ ಚೇತರಿಸಿಕೊಳ್ಳುವ ಮೊದಲೇ ದಿಬ್ಬದ ಸುತ್ತ ಕಾದಿರುವ ಶಾರ್ಕುಗಳ ಬಾಯಿಗೆ ಬೀಳಬಹುದು. ಅತಿಥಿಯ ಲೆಕ್ಕದಲ್ಲಿ ಅದು "ಬಿಟ್ಟ ಮೀನು", ಕಡಲಿನ ಲೆಕ್ಕದಲ್ಲಿ ಸತ್ತ ಮೀನು.

ಹೀಗಾಗಿ ಹವಳದಿಬ್ಬದ ಮೇಲೆ ದಪ್ಪ ಸಲಕರಣೆಯೇ ಕರುಣೆಯ ಸಲಕರಣೆ. ವಿವರ ಬೇಕೆನ್ನುವವರಿಗಾಗಿ ಹೇಳುವುದಾದರೆ, ಹೆಣೆದ ಪಾಲಿಎಥಿಲೀನ್ ದಾರವನ್ನು ಜಪಾನಿನ ಪದ್ಧತಿಯಂತೆ ಪಿಇ ಎಂಬ ಅಂಕಿಯಲ್ಲಿ ಅಳೆಯುತ್ತಾರೆ. ದೊಡ್ಡ ಜಿ.ಟಿ.ಗೆ ಪಿಇ 8ಕ್ಕಿಂತ ಕಡಿಮೆಯದು ಸಲ್ಲದು, ಹವಳ ದಟ್ಟವಾಗಿರುವಲ್ಲಿ ಪಿಇ 10 ಲೇಸು. ಪಿಇ 8ರ ದಾರ, ತಯಾರಕರನ್ನು ಅವಲಂಬಿಸಿ, ಸುಮಾರು 36ರಿಂದ 45 ಕಿಲೋ ಎಳೆತ ತಾಳುತ್ತದೆ. ಹೆಣೆದ ದಾರ ಎಳೆತಕ್ಕೆ ಗಟ್ಟಿ, ಉಜ್ಜಿದರೆ ದುರ್ಬಲ. ಆದ್ದರಿಂದ ಅದರ ತುದಿಗೆ, ಹವಳಕ್ಕೆ ತಾಗುವ ಭಾಗದಲ್ಲಿ, 60ರಿಂದ 90 ಕಿಲೋ ತಾಳುವ ದಪ್ಪ ನೈಲಾನಿನ ಲೀಡರ್ ಕಟ್ಟುತ್ತಾರೆ. ರೀಲು ದೊಡ್ಡದಿರಬೇಕು. ಅದರೊಳಗಿನ ಬ್ರೇಕನ್ನು, ಅಂದರೆ ಡ್ರ್ಯಾಗನ್ನು, ದಾರದ ಬಲದ ಮೂರನೆಯ ಒಂದು ಭಾಗಕ್ಕೆ, ಹತ್ತು ಹನ್ನೆರಡು ಕಿಲೋಗೆ, ಮೊದಲೇ ತಕ್ಕಡಿಯಿಂದ ಅಳೆದು ಬಿಗಿಯಬೇಕು. ಹನ್ನೆರಡು ಕಿಲೋ ಎಂದರೆ ಎಷ್ಟೆಂದು ತಿಳಿಯಬೇಕಾದರೆ ಎಂಟಡಿ ಕೋಲಿನ ತುದಿಗೆ ನೀರು ತುಂಬಿದ ಕೊಡವನ್ನು ಕಟ್ಟಿ ಎತ್ತಿ ನೋಡಿ. ಅಷ್ಟು ಭಾರಕ್ಕೆ ನಿಲ್ಲಲಾರದವನು ದೊಡ್ಡ ಮೀನಿನ ಗೊಡವೆಗೆ ಹೋಗಬಾರದು ಎಂಬುದೇ ಮೊದಲ ನಿಯಮವಾಗಬೇಕು. ಸಲಕರಣೆಯ ಬಲ ಮೀನಿಗೆ ಹೊಂದುವಂತೆ ಗಾಳಗಾರನ ಬಲ ಸಲಕರಣೆಗೆ ಹೊಂದಬೇಕು.

ಕೊಕ್ಕೆಯ ಪ್ರಶ್ನೆ

ದಾರಕ್ಕಿಂತ ಮುಖ್ಯವಾದದ್ದು ಕೊಕ್ಕೆ. ಮರದಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ ಗೇಣುದ್ದದ ಹುಸಿ ಮೀನನ್ನು ನೀರಿನ ಮೇಲೆ ಎಳೆಯುವುದು ಇಲ್ಲಿನ ರೂಢಿ. ಬಾಯಿ ತಗ್ಗಾಗಿದ್ದು ನೀರನ್ನು ಚಿಮ್ಮಿಸುವುದಕ್ಕೆ ಪಾಪರ್ ಎಂದೂ ನುಣುಪಾಗಿ ಓಲಾಡುವುದಕ್ಕೆ ಸ್ಟಿಕ್‌ಬೇಟ್ ಎಂದೂ ಹೆಸರು. ಕಾರ್ಖಾನೆಯಿಂದ ಬಂದ ಹುಸಿ ಮೀನುಗಳು ಅನೇಕ ವೇಳೆ ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಕವಲಿನ ಕೊಕ್ಕೆ ಹೊತ್ತಿರುತ್ತವೆ. ಅಲ್ಲಿಗೆ ಆರು ಮೊನೆಗಳಾದವು. ಪ್ರತಿ ಮೊನೆಯ ಒಳಬದಿಯಲ್ಲಿ ಹಿಂದಕ್ಕೆ ಚಾಚಿದ ಹಿಮ್ಮುಳ್ಳು. ಒಳಹೋದದ್ದು ಸುಲಭದಲ್ಲಿ ಹೊರಬಾರದಿರಲೆಂದೇ ಅದನ್ನು ಮಾಡಿರುವುದು. ಒಂದು ಮೊನೆ ದವಡೆಗೆ ಸಿಕ್ಕರೆ ಉಳಿದವು ಕಣ್ಣಿಗೋ ಕಿವಿರಿಗೋ ನಾಟುತ್ತವೆ. ಬಿಡಿಸಲು ನಿಮಿಷಗಳು ಬೇಕು. ಅಷ್ಟು ಹೊತ್ತು ಮೀನು ನೀರಿನ ಹೊರಗಿರುತ್ತದೆ, ದೋಣಿಯ ಹುಡುಗನ ಕೈ ಮೊನೆಗಳ ನಡುವೆ ಇರುತ್ತದೆ.

ಇದಕ್ಕೆ ಪರಿಹಾರ ದುಬಾರಿಯಲ್ಲ. ಮೂರು ಕವಲಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕುವುದು, ಇಕ್ಕಳದಿಂದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡುವುದು. ಹೀಗೆ ಮಾಡಿದರೆ ಮೀನು ತಪ್ಪಿಸಿಕೊಳ್ಳುತ್ತದೆಂದು ಅತಿಥಿಗಳು ಗೊಣಗುತ್ತಾರೆ. ದಾರ ಸಡಿಲವಾಗದಂತೆ ನೋಡಿಕೊಂಡರೆ ತಪ್ಪಿಸಿಕೊಳ್ಳುವುದು ಕಡಿಮೆ ಎಂಬುದು ದೋಣಿಯವರ ಅನುಭವ. ತಪ್ಪಿಸಿಕೊಂಡರೂ ಅದು ಕೊಕ್ಕೆಯನ್ನು ಕೊಡವಿಕೊಂಡು ಹೋಗುತ್ತದೆ, ಬಾಯಲ್ಲಿ ಕಬ್ಬಿಣವನ್ನು ಹೊತ್ತುಕೊಂಡಲ್ಲ. ಸೆಶೆಲ್ಸ್‌ನ ಹೊರದ್ವೀಪಗಳಲ್ಲಿ ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆಯನ್ನು ಕಡ್ಡಾಯ ಮಾಡಿರುವ ಗಾಳದ ಶಿಬಿರಗಳಿವೆ. ಅತಿಥಿಗಳು ಅಲ್ಲಿಗೆ ಹೋಗುವುದನ್ನೇನೂ ಬಿಟ್ಟಿಲ್ಲ.

ಹಿಮ್ಮುಳ್ಳಿಲ್ಲದ ಕೊಕ್ಕೆ ಪರದೇಶದಿಂದ ಬಂದ ನಯನಾಜೂಕಿನ ವಿಚಾರವೆಂದು ತಿಳಿಯಬಾರದು. ನಮ್ಮದೇ ಲಕ್ಷದ್ವೀಪದಲ್ಲಿ, ನೆರೆಯ ಮಾಲ್ದೀವ್ಸ್‌ನಲ್ಲಿ, ಕೋಲು ಮತ್ತು ದಾರದಿಂದ ಟ್ಯೂನಾ ಹಿಡಿಯುವ ಕಸುಬು ತಲೆಮಾರುಗಳಿಂದ ನಡೆದುಬಂದಿದೆ. ಆ ಮೀನುಗಾರರ ಕೊಕ್ಕೆಗೆ ಹಿಮ್ಮುಳ್ಳಿಲ್ಲ. ಮೀನನ್ನು ದೋಣಿಯೊಳಕ್ಕೆ ಬೀಸಿದೊಡನೆ ಅದು ತಾನಾಗಿ ಕಳಚಿ ಬೀಳಬೇಕು, ಕೊಕ್ಕೆ ಮತ್ತೆ ನೀರಿಗೆ ಹೋಗಬೇಕು. ಅವರು ಅದನ್ನು ಬಳಸುವುದು ಕೆಲಸದ ವೇಗಕ್ಕಾಗಿ, ಕರುಣೆಗಾಗಿಯಲ್ಲ. ಆದರೂ ಒಂದು ಮಾತು ಅದರಿಂದ ಸ್ಪಷ್ಟವಾಗುತ್ತದೆ: ಹಿಮ್ಮುಳ್ಳಿಲ್ಲದೆಯೂ ಹೊಟ್ಟೆಪಾಡಿನ ಮೀನುಗಾರಿಕೆ ನಡೆಯುತ್ತದೆ. ಹಾಗಿದ್ದಾಗ ಹವ್ಯಾಸಕ್ಕೆ ಅದು ಬೇಕೇಬೇಕೆನ್ನುವುದು ಹಟ ಮಾತ್ರ.

ಹವಳದ ಪಾಲು

ಮೀನಿನ ಚರ್ಚೆಯಲ್ಲಿ ಹವಳವನ್ನು ಮರೆಯುವವರೇ ಹೆಚ್ಚು. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಅಂದರೆ ಕಾನೂನಿನ ಕಣ್ಣಿನಲ್ಲಿ ಅವು ಹುಲಿಯ ಸಾಲಿನಲ್ಲಿ ನಿಂತಿವೆ. ಕಡಲು ಬಿಸಿಯೇರಿ 1998, 2010 ಮತ್ತು 2016ರಲ್ಲಿ ನಮ್ಮ ದ್ವೀಪಗಳ ಹವಳ ಬಿಳಿಚಿಕೊಂಡಿತು. 2024ರಲ್ಲಿ ಜಗತ್ತಿನಾದ್ಯಂತ ನಾಲ್ಕನೆಯ ಬಿಳಿಚುವಿಕೆಯನ್ನು ವಿಜ್ಞಾನಿಗಳು ಘೋಷಿಸಿದರು. 2004ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕೆಲವು ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿ ಸತ್ತವು. ಇಷ್ಟು ಪೆಟ್ಟು ತಿಂದು ಉಳಿದ ಹವಳದ ಮೇಲೆ ಲಂಗರು ಎಸೆಯುವುದು, ಬೂಟುಗಾಲಿನಲ್ಲಿ ನಡೆಯುವುದು, ದಾರದಿಂದ ಗರಗಸ ಎಳೆಯುವುದು ಯಾವ ನ್ಯಾಯ?

ಇಲ್ಲಿಯೂ ಸಲಕರಣೆಯ ಆಯ್ಕೆ ಮಾತನಾಡುತ್ತದೆ. ಆಳವಿಲ್ಲದಲ್ಲಿ ಮುಳುಗುವ ಸೀಸದ ಹುಸಿ ಮೀನು ಎಸೆದರೆ ಅದು ಹವಳಕ್ಕೇ ಕಚ್ಚಿಕೊಳ್ಳುತ್ತದೆ. ಜಗ್ಗಿದರೆ ಕವಲು ಮುರಿಯುತ್ತದೆ, ಬಿಟ್ಟರೆ ಸೀಸವೂ ದಾರವೂ ಅಲ್ಲಿಯೇ ಉಳಿಯುತ್ತವೆ. ಪಾಲಿಎಥಿಲೀನ್ ಕೊಳೆಯುವ ವಸ್ತುವಲ್ಲ. ಆದ್ದರಿಂದ ತೇಲುವ ಹುಸಿ ಮೀನು ಮಾತ್ರ ಸಲ್ಲುತ್ತದೆ. ಲಂಗರಿನ ಬದಲು ಇಂಜಿನ್ ಸಿದ್ಧವಿಟ್ಟುಕೊಂಡು ದೋಣಿಯನ್ನು ತೇಲಲು ಬಿಡಬೇಕು. ದೋಣಿ ಆಳದ ಕಡೆಯಲ್ಲಿರಬೇಕು. ಮೀನು ಕಚ್ಚಿದೊಡನೆ ಚಾಲಕ ದೋಣಿಯನ್ನು ದಿಬ್ಬದಿಂದ ದೂರ ಒಯ್ದರೆ ಮೀನೂ ಹವಳ ಬಿಟ್ಟು ಬಯಲು ನೀರಿಗೆ ಬರುತ್ತದೆ, ಕಾದಾಟ ಬೇಗ ಮುಗಿಯುತ್ತದೆ. ನುರಿತ ಚಾಲಕನೂ ಸಲಕರಣೆಯ ಭಾಗವೇ. ಆದರೆ ಬೆಲೆಪಟ್ಟಿಯಲ್ಲಿ ಅವನ ಹೆಸರಿರುವುದಿಲ್ಲ.

ದಪ್ಪ ದಾರ ಹಿಡಿದ ಮಾತ್ರಕ್ಕೆ ಎಲ್ಲವೂ ಸರಿಯಾಯಿತೆಂದು ನಾನು ಹೇಳುತ್ತಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಮೀನುಗಳು ಮೊಟ್ಟೆಯಿಡಲು ಗುಂಪುಗೂಡುತ್ತವೆ. ನಮ್ಮಲ್ಲಿ ಮೊದಲ ಮಳೆಗೆ ಹಳ್ಳ ಹತ್ತುವ ಮೀನನ್ನು ಕತ್ತಿ, ದೊಣ್ಣೆ ಹಿಡಿದು ಹೊಡೆಯುವ ಹತ್ತುಮೀನಿನ ಶಿಕಾರಿ ನಮಗೆಲ್ಲ ಗೊತ್ತು. ಬಸುರಿ ಮೀನನ್ನು ಹೊಡೆದು ಮುಂದಿನ ವರ್ಷ ಹೊಳೆಯಲ್ಲಿ ಮೀನಿಲ್ಲವೆಂದು ಗೊಣಗುವವರೂ ನಾವೇ. ಅಂಥ ಗುಂಪಿನ ಮೇಲೆ ಗಾಳ ಎಸೆಯುವುದಕ್ಕೆ ಯೋಗ್ಯವಾದ ಸಲಕರಣೆ ಯಾವುದೂ ಇಲ್ಲ. ನೀರು ತೀರ ಬಿಸಿಯಾಗಿ ಹವಳ ಬಿಳಿಚಿರುವಾಗಲೂ ಇಲ್ಲ. ಸಾಗರ ರಾಷ್ಟ್ರೀಯ ಉದ್ಯಾನಗಳ ಗಡಿಯೊಳಗಂತೂ ಪ್ರಶ್ನೆಯೇ ಏಳುವುದಿಲ್ಲ. ಎಸೆಯದಿರುವುದೂ ಒಂದು ಆಯ್ಕೆ, ಕೆಲವೊಮ್ಮೆ ಅದೊಂದೇ ಆಯ್ಕೆ.

ತಿನ್ನದ ಮೀನನ್ನು ಹಿಡಿಯುವುದೇಕೆ?

ನನ್ನ ಅಕ್ಕ ಕೇಳಿದ್ದು ಈ ಪ್ರಶ್ನೆಯನ್ನು. "ತಿನ್ನುವುದಾದರೆ ಹಿಡಿಯಲಿ. ಬಿಡುವುದಾದರೆ ಚುಚ್ಚುವುದೇಕೆ?" ಈ ಮಾತಿನ ಎದುರು ಯಾವ ಗಾಳಗಾರನ ಬಳಿಯೂ ಪೂರ್ಣ ಉತ್ತರವಿಲ್ಲ. ಹೊಟ್ಟೆಗಾಗಿ ಕೊಲ್ಲುವುದರಲ್ಲಿ ಇರುವ ನೇರತನ ಆಟಕ್ಕಾಗಿ ನೋಯಿಸುವುದರಲ್ಲಿ ಇಲ್ಲ. ಇದನ್ನು ನಾನು ಒಪ್ಪುತ್ತೇನೆ.

ಆದರೂ ಎರಡು ಸಂಗತಿಗಳನ್ನು ತೂಗಿ ನೋಡಬೇಕು. ಮೊದಲನೆಯದು, ದೊಡ್ಡ ಜಿ.ಟಿ. ಒಳ್ಳೆಯ ಊಟವಲ್ಲ. ಶಾಂತ ಸಾಗರದ ಅನೇಕ ದ್ವೀಪಗಳಲ್ಲಿ ದೊಡ್ಡ ಹವಳಮೀನುಗಳ ಮಾಂಸದಲ್ಲಿ ಸಿಗ್ವಟೆರಾ ಎಂಬ ವಿಷ ಶೇಖರವಾಗುವುದರಿಂದ ಅವನ್ನು ತಿನ್ನಲು ಹಿಂಜರಿಯುತ್ತಾರೆ. ಎರಡನೆಯದು, ಈ ಮೀನು ಅಲೆಮಾರಿಯಲ್ಲ. ಹವಾಯಿ ದ್ವೀಪಸರಣಿಯಲ್ಲಿ ಮೀನಿನ ಮೈಗೆ ಸಂಕೇತ ಹೊರಡಿಸುವ ಉಪಕರಣ ಅಳವಡಿಸಿ ನಡೆಸಿದ ಅಧ್ಯಯನಗಳ ಪ್ರಕಾರ ಜಿ.ಟಿ.ಗಳು ಮೊಟ್ಟೆಯಿಡುವ ಕಾಲದ ಓಡಾಟ ಬಿಟ್ಟರೆ ತಮ್ಮ ದಿಬ್ಬಕ್ಕೇ ಮರಳಿ ಬರುತ್ತವೆ. ಸುಮಾರು 60 ಸೆಂಟಿಮೀಟರ್ ಬೆಳೆದು, ಮೂರು ವರ್ಷ ದಾಟಿದ ಮೇಲೆ ಅವು ಸಂತಾನಕ್ಕೆ ಸಿದ್ಧವಾಗುತ್ತವೆ. ಒಂದು ದಿಬ್ಬದ ದೊಡ್ಡ ಮೀನುಗಳನ್ನು ಕೊಂದರೆ ಆ ದಿಬ್ಬ ಬಹುಕಾಲ ಬರಿದಾಗುತ್ತದೆ. ಜೀವಂತ ಬಿಟ್ಟರೆ ಅದೇ ಮೀನು ದೋಣಿಯ ಹುಡುಗರಿಗೆ ವರ್ಷವರ್ಷವೂ ಕೂಲಿ ಕೊಡುತ್ತದೆ. ಆ ಕೂಲಿ ನಿಂತರೆ ಅದೇ ದಿಬ್ಬಕ್ಕೆ ಬಲೆ ಬರಬಹುದು. ಗಾಳದ ಹವ್ಯಾಸವನ್ನು ಹೊಗಳಲು ಈ ಕಾರಣ ಸಾಲದು. ಅದನ್ನು ಹದ್ದಿನಲ್ಲಿಟ್ಟು ಸಹಿಸಿಕೊಳ್ಳಲು ಸಾಕು.

ನಮ್ಮ ಕಾವೇರಿಯ ಅನುಭವವೂ ಇಲ್ಲಿ ನೆನಪಾಗಬೇಕು. ಅಲ್ಲಿ ಮಹಶೀರ್ ಮೀನನ್ನು ಹಿಡಿದು ಬಿಡುವ ಹವ್ಯಾಸ ದಶಕಗಳ ಕಾಲ ನಡೆದು, 2012ರಲ್ಲಿ ವನ್ಯಧಾಮದೊಳಗೆ ನಿಂತಿತು. ಒಂದು ಶಿಬಿರದ ಗಾಳಗಾರರು 1998ರಿಂದ 2012ರವರೆಗೆ ಬರೆದಿಟ್ಟ ದಿನಚರಿಯನ್ನು ವಿಜ್ಞಾನಿಗಳು ಓದಿದಾಗ ಬೆಚ್ಚಿಬೀಳಿಸುವ ಸಂಗತಿ ಹೊರಬಿತ್ತು. ಸಿಗುವ ಮಹಶೀರ್‌ಗಳ ಒಟ್ಟು ಸಂಖ್ಯೆ ಏರುತ್ತಿದ್ದರೂ ಕಾವೇರಿಯದೇ ಆದ ಬೆನ್ನುಗೂನಿನ ಮಹಶೀರ್ ಕಣ್ಮರೆಯಾಗುತ್ತಿತ್ತು, ಹೊರಗಿನಿಂದ ತಂದು ಬಿಟ್ಟ ಜಾತಿ ಅದರ ಜಾಗ ಹಿಡಿದಿತ್ತು. 2018ರಲ್ಲಿ ಆ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಇದರಿಂದ ಎರಡು ಪಾಠ. ಹಿಡಿದು ಬಿಟ್ಟ ಮಾತ್ರಕ್ಕೆ ಮೀನಿನ ಕುಲ ಉಳಿಯುತ್ತದೆಂಬ ಭರವಸೆಯಿಲ್ಲ. ಆದರೆ ಗಾಳಗಾರ ಪ್ರಾಮಾಣಿಕವಾಗಿ ಬರೆದಿಟ್ಟ ಲೆಕ್ಕ ನಮ್ಮ ಕಣ್ಣು ತೆರೆಸಬಲ್ಲದು. ಆದ್ದರಿಂದ ಹವಳದಿಬ್ಬಕ್ಕೆ ಹೋಗುವ ಸಲಕರಣೆಯ ಪೆಟ್ಟಿಗೆಯಲ್ಲಿ ಒಂದು ನೋಟುಪುಸ್ತಕವೂ ಇರಬೇಕು: ದಿನ, ಜಾಗ, ಮೀನಿನ ಉದ್ದ, ಕಾದಾಟದ ನಿಮಿಷಗಳು, ಬಿಟ್ಟಾಗ ಅದರ ಸ್ಥಿತಿ, ಕಳೆದುಹೋದ ದಾರ ಎಷ್ಟು.

ನಿಯಮ ಯಾರು ಮಾಡಬೇಕು?

ಇಂದು ಸಲಕರಣೆಯನ್ನು ಆರಿಸುವವರು ಹಣ ಕೊಡುವ ಅತಿಥಿಗಳು. ಅವರು ಅಂಗಡಿಯ ಮಾತು ಕೇಳಿ, ಪರಾಕ್ರಮದ ಚಿತ್ರಗಳನ್ನು ನೋಡಿ ಆರಿಸುತ್ತಾರೆ, ನಾಲ್ಕು ದಿನ ಇದ್ದು ಹೋಗುತ್ತಾರೆ. ಉಳಿಯುವವರು ಹವಳ, ಮೀನು ಮತ್ತು ದೋಣಿಯ ಕೆಲಸಗಾರರು. ಆದ್ದರಿಂದ ನಿಯಮ ಮಾಡಬೇಕಾದವರು ದೋಣಿಯಲ್ಲಿ ನಿಂತವರು. ದಾರ ಇಷ್ಟಕ್ಕಿಂತ ತೆಳುವಾಗಿರಕೂಡದು. ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆಯೇ ಆಗಬೇಕು. ಹುಸಿ ಮೀನು ತೇಲುವಂಥದ್ದೇ ಇರಬೇಕು. ಮೀನನ್ನು ದವಡೆಯಿಂದ ನೇತುಹಾಕದೆ ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು ಬೇಗ ನೀರಿಗೆ ಬಿಡಬೇಕು. ಇದಕ್ಕೆ ಒಪ್ಪದವರ ಗಾಳ ದೋಣಿ ಹತ್ತಬಾರದು. ದೋಣಿಯ ಮಾಲೀಕರು ಒಬ್ಬೊಬ್ಬರಾಗಿ ಇದನ್ನು ಹೇಳಲು ಹೆದರುತ್ತಾರೆ, ಏಕೆಂದರೆ ಗಿರಾಕಿ ಪಕ್ಕದ ದೋಣಿಗೆ ಹೋಗುತ್ತಾನೆ. ಎಲ್ಲರೂ ಸೇರಿ ಹೇಳಿದರೆ ಹೋಗಲು ಪಕ್ಕದ ದೋಣಿಯೇ ಇರುವುದಿಲ್ಲ.

ಈ ಮಾತು ಹವಳದಿಬ್ಬಕ್ಕಷ್ಟೇ ಸೀಮಿತವಲ್ಲವೆಂದು ಓದುಗರಿಗೆ ಆಗಲೇ ಹೊಳೆದಿರಬೇಕು. ನಮ್ಮ ಬೆಟ್ಟಗಳಿಗೆ ಬರುವ ಪ್ರವಾಸಿಗನೂ ಏನು ತರಬೇಕು, ಎಲ್ಲಿ ನಡೆಯಬೇಕೆಂದು ತಾನೇ ತೀರ್ಮಾನಿಸುತ್ತಾನೆ. ಅನುಭವಿಸುವವರು ನಾವು. ದಾರಿ ತೋರಿಸಲು, ಜೀಪು ಓಡಿಸಲು ಹೋಗುವ ವಿದ್ಯಾರ್ಥಿಗಳು ಮತ್ತು ಯುವಕರು ಇದನ್ನು ಯೋಚಿಸಬೇಕು. ಕೂಲಿ ಪಡೆಯುವವನಿಗೂ ಬೇಡವೆನ್ನುವ ಹಕ್ಕಿದೆ.

ಹುಡುಗ ಮಳೆ ಮುಗಿದ ಮೇಲೆ ಮರಳಿ ಹೋದ. ಹೊರಡುವ ಮುನ್ನ ಸಂತೆಯಲ್ಲಿ ಒಂದು ಗಟ್ಟಿ ಇಕ್ಕಳ ಕೊಂಡ. ಈಗ ದೋಣಿ ಹತ್ತುವ ಪ್ರತಿ ಅತಿಥಿಯ ಕೊಕ್ಕೆಯ ಹಿಮ್ಮುಳ್ಳನ್ನು ತಾನೇ ಒತ್ತಿ ಚಪ್ಪಟೆ ಮಾಡುತ್ತಾನಂತೆ. ಒಬ್ಬಿಬ್ಬರು ಸಿಟ್ಟಾದರು, ಉಳಿದವರು ಒಪ್ಪಿದರು ಎಂದು ದೂರವಾಣಿಯಲ್ಲಿ ತಿಳಿಸಿದ. ಸಿಟ್ಟಾದವರಿಗೆ ಏನು ಹೇಳಿದೆ ಎಂದು ಕೇಳಿದೆ. "ಅಂಗೈ ತೋರಿಸಿದೆ, ಮಾವ" ಎಂದ.